ಕರುವಿನ ಪಾಲು

ನಮ್ಮ ಮನೆಯ ಬಾಗಿಲ ಹೊರಗೆ, ಚಾಳಿನ ಗ್ಯಾಲರಿಯಲ್ಲಿ, ಯಾವಾಗಲೂ ಒಂದು ಬಕೆಟ್ಟು ಇರುತ್ತಿತ್ತು. ಅದು ಹಸಿರು ಪ್ಲಾಸ್ಟಿಕ್ಕಿನದು ಎಂದು ನನ್ನ ಡೈರಿಗಳಲ್ಲಿ ಎರಡು ಕಡೆ ಬರೆದಿದ್ದೇನೆ. ಇನ್ನೊಂದು ಕಡೆ, ಅಷ್ಟೇ ಖಾತ್ರಿಯಿಂದ, ತಗಡಿನದು ಎಂದಿದ್ದೇನೆ. ಹೀಗಾಗಿ ಈ ಅಧ್ಯಾಯದಲ್ಲಿ ನಾನು ಹೇಳುವ ಬಣ್ಣಗಳನ್ನು ಯಾರೂ ನಂಬಬೇಕಾಗಿಲ್ಲ. ಬಕೆಟ್ಟು ಅಮ್ಮನಿಗಾಗಿ ಇತ್ತು ಎಂಬುದಂತೂ ನಿಜ. ಅಮ್ಮ ಮುಂಬಯಿ ಹತ್ತಿರದ ಕಲ್ಯಾಣದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ, ಲೋಕಲ್ ಹಿಡಿದು, ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಇಳಿದು, ಅವಳು ಚಾಳಿನ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದ್ದಂತೆ ಒಳಗಿನಿಂದ ಅಜ್ಜಿಯ ಧ್ವನಿ ಏಳುತ್ತಿತ್ತು.

"ಅಲ್ಲೇ ನಿಂದ್ರು ನರ್ಸಬಾಯಿ! ಹತ್ತು ಮಂದಿ ಬಾಣಂತೇರ ಮೈಲಿಗಿ ಹೊತ್ಕೊಂಡು ಬಂದೀದಿ. ಮೊದಲ ಕೈಕಾಲು ತೊಳಕೊ, ಮೋರಿಗೆ ಹೋಗಿ ಮೈ ತೊಳಕೊ, ಆಮ್ಯಾಲೆ ಮಾತು."

"ಆಯ್ತು ಅತ್ತೆ. ನೀವು ಮೈಲಿಗೆ ಅಂತೀರಿ, ನಮ್ಮ ಮೇಟ್ರನ್ ಇನ್‌ಫೆಕ್ಷನ್ ಅಂತಾರೆ. ಇಬ್ಬರೂ ಹೇಳೂದು ಸ್ನಾನ ಮಾಡು ಅಂತಲೇ."

ಅಮ್ಮನ ಈ ಮಾತು ಬಹಳ ಜಾಣ ಮಾತು. ಬಹುಶಃ ಅವಳು ಇದನ್ನು ಹೇಳಿದ್ದು ಎಷ್ಟೋ ವರ್ಷಗಳ ನಂತರ, ಅಜ್ಜಿಯೂ ಅವಳೂ ಒಂದಾದ ಮೇಲೆ. ನಾನು ಅದನ್ನು ಹಿಂದಕ್ಕೆ ಒಯ್ದು ಬಾಗಿಲ ಬಳಿ ನಿಲ್ಲಿಸಿದ್ದೇನೆ. ನಾನು ಚಿಕ್ಕವಳಿದ್ದಾಗ ಅವಳು ತುಟಿ ಬಿಗಿಹಿಡಿದು, ಏನೂ ಹೇಳದೆ ಮೋರಿಗೆ ಹೋಗುತ್ತಿದ್ದಳು ಎಂದೇ ತೋರುತ್ತದೆ. ಮೋರಿ ಎಂದರೆ ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಬಚ್ಚಲು. ಅದಕ್ಕೊಂದು ಪರದೆ. ಅದರಾಚೆ ಒಲೆ, ಕಟ್ಟಿಗೆಯ ಕಪಾಟು. ಈಚೆ ಒಂದೇ ಒಂದು ಕೋಣೆ. ಆ ಕೋಣೆಗೆ ಅಪ್ಪ ಅರ್ಧದಲ್ಲಿ ಪ್ಲೈವುಡ್ ಹಾಕಿಸಿ ಎರಡು ಮಾಡಿದ್ದರು. ಕಿಟಕಿ ಇದ್ದದ್ದು ಒಳಗಿನ ಅರ್ಧಕ್ಕೆ ಮಾತ್ರ.

ಆ ಒಂದೂವರೆ ಕೋಣೆಯಲ್ಲಿ ಎರಡು ಕನ್ನಡಗಳಿದ್ದವು, ಎರಡು ಎಣ್ಣೆಗಳಿದ್ದವು. ಅಜ್ಜಿ ವಿಜಾಪುರದ ಕಡೆಯವಳು. ಅವಳದು ಶೇಂಗಾ ಎಣ್ಣೆ, ಜೋಳದ ರೊಟ್ಟಿ. ಅಮ್ಮ ಉಡುಪಿಯವಳು. ಅಪ್ಪ ಒಬ್ಬಂಟಿಯಾಗಿ ಡೊಂಬಿವಲಿಯಲ್ಲಿದ್ದಾಗ ಊಟಕ್ಕೆ ಹೋಗುತ್ತಿದ್ದ ಹೋಟೆಲಿನ ಮ್ಯಾನೇಜರರ ತಂಗಿ. ಅವಳದು ಕೊಬ್ಬರಿ ಎಣ್ಣೆ, ಕುಚ್ಚಲಕ್ಕಿ. ನನಗೆ ನೆಗಡಿಯಾದರೆ ಅಜ್ಜಿ ಕಿವಿಗೆ ಬಟ್ಟೆ ಕಟ್ಟಿ ಬೆಳ್ಳುಳ್ಳಿ ಹೊಗೆ ಹಾಕುತ್ತಿದ್ದಳು, ಅಮ್ಮ ಬಟ್ಟೆ ಬಿಚ್ಚಿ ಗುಳಿಗೆ ಕೊಡುತ್ತಿದ್ದಳು. ಗುಣವಾದಾಗ ಇಬ್ಬರೂ ತಮ್ಮ ತಮ್ಮ ಔಷಧಿಯ ಕಡೆ ನೋಡಿ ತಲೆಯಾಡಿಸುತ್ತಿದ್ದರು. ನಾನು ಶಾಲೆಯಲ್ಲಿ ಮರಾಠಿ, ಗ್ಯಾಲರಿಯಲ್ಲಿ ಹಿಂದಿ ಆಡುತ್ತಿದ್ದೆ. ಮನೆಯಲ್ಲಿ ಯಾರ ಕನ್ನಡ ಆಡಿದರೂ ಇನ್ನೊಬ್ಬರ ವಿರುದ್ಧ ಹೋದಂತಾಗುತ್ತಿತ್ತು. ಹಾಗಾಗಿ ಅಪ್ಪನಂತೆ ನಾನೂ ಸುಮ್ಮನಿರುವುದನ್ನು ಕಲಿತೆ. ಅಪ್ಪ ಠಾಣೆಯ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಜಗಳ ಶುರುವಾದರೆ ಪೇಪರಿನ ಹಿಂದೆ ಮಾಯವಾಗುತ್ತಿದ್ದರು.

ಸರೋಜತ್ತೆ, ಅಪ್ಪನ ತಂಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತವರೆಂದರೆ ನಮ್ಮ ಮನೆಯ ಪ್ಲೈವುಡ್ಡಿನಾಚೆಯ ಅರ್ಧ. ಒಂಬತ್ತು ತುಂಬುವ ಮೊದಲೇ ನೋವು ಬಂತು, ಅಮ್ಮನ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈ ಅಗಲದ ಬೆನ್ನು. ಅಜ್ಜಿ ಅಜವಾನದ ಕಷಾಯದ ಡಬ್ಬಿಯನ್ನೂ ಬಾಣಂತಿಯ ಕಿವಿಗೆ ಕಟ್ಟುವ ಬಟ್ಟೆಯನ್ನೂ ಹಿಡಿದುಕೊಂಡು ವಾರ್ಡಿಗೆ ಹೋದಳು. ಮುಂದೆ ಅಮ್ಮ ನನಗೆ ಎಷ್ಟೋ ಸಲ ಹೇಳಿದ, ತನ್ನನ್ನು ಎಂದೂ ಕ್ಷಮಿಸಿಕೊಳ್ಳದ ಸಂಗತಿ ನಡೆದದ್ದು ಅಲ್ಲಿ. ಮೇಟ್ರನ್ ಎದುರಿಗಿದ್ದರು, ಅಕ್ಕಪಕ್ಕದ ಮಂಚದವರು ನೋಡುತ್ತಿದ್ದರು. ಸೊಸೆಯಾಗಿ ಇರಬೇಕಾದ ಕಡೆ ಅಮ್ಮ ನರ್ಸಾಗಿ ನಿಂತಳು.

"ವಾರ್ಡಿನಲ್ಲಿ ಇದೆಲ್ಲ ನಡೆಯೂದಿಲ್ಲ ಅತ್ತೆ. ಹೊರಗಿನ ಡಬ್ಬಿ ಹೊರಗೆ ಇಡಿ."

ಹೇಳಿ, ಅಜ್ಜಿ ಆಗಲೇ ಕಟ್ಟಿದ್ದ ಸರೋಜತ್ತೆಯ ಕಿವಿಯ ಬಟ್ಟೆಯನ್ನು ತಾನೇ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟಳು. ಮಾರನೆಯ ದಿನ ಅಮ್ಮ ವಾರ್ಡಿನಲ್ಲಿ ಇಲ್ಲದ ಹೊತ್ತು ನೋಡಿ ಅಜ್ಜಿ ಅಪ್ಪನನ್ನು ಕರೆದುಕೊಂಡು ಹೋಗಿ, ಡಾಕ್ಟರು ಬೇಡವೆಂದರೂ ಅಪ್ಪನಿಂದ ಸಹಿ ಹಾಕಿಸಿ, ಮಗಳನ್ನೂ ಕೂಸನ್ನೂ ರಿಕ್ಷಾದಲ್ಲಿ ಮನೆಗೆ ತಂದಳು.

ಅಮ್ಮ ಆ ಸಂಜೆ ಬಂದು, ಬಕೆಟ್ಟಿನ ನೀರು ಮುಟ್ಟದೆ, ನೇರ ಒಳಗೆ ನುಗ್ಗಿದಳು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳಕೋಣೆಯ ಕಿಟಕಿಗೆ ಕೌದಿ ಬಡಿದಿತ್ತು. ಅಜ್ಜಿ ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ ದಪ್ಪ ಹೊದಿಕೆ. ಮಂಚದ ಕೆಳಗೆ ಶೇಗಡಿಯಲ್ಲಿ ಇದ್ದಿಲ ಕೆಂಡ. ಹೊಗೆಯಲ್ಲಿ ಸರೋಜತ್ತೆಯ ಮುಖ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಅಮ್ಮ ಕೌದಿಯನ್ನು ಕಿತ್ತು ಕಿಟಕಿ ತೆರೆದಳು. ತಂಬಿಗೆ ನೀರನ್ನು ಕೆಂಡಕ್ಕೆ ಸುರಿದಳು. ಚುಂಯ್ ಎಂಬ ಸದ್ದು. ಅಜ್ಜಿಯ ಕಿರುಚಾಟಕ್ಕೆ ಪಕ್ಕದ ಮನೆಯವರು "ಕಾಯ್ ಝಾಲಂ?", ಏನಾಯಿತು, ಎಂದು ಗ್ಯಾಲರಿಗೆ ಬಂದರು. ಚಳಿಗಾಲ, ನದಿಯ ಕಡೆಯ ಗಾಳಿ ನೇರ ಮಂಚದ ಮೇಲೆ ಬೀಸಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಕೂಸಿನ ಅಂಗಾಲು ಮುಟ್ಟಿ ನೋಡಿದಳು.

"ಮುಟ್ಟಿ ನೋಡು ಬಾ ನರ್ಸಬಾಯಿ. ಬರ್ಫ ಆಗ್ಯಾವ ಕಾಲು. ಇದನ್ನ ಕಲಿಸ್ಯಾರೇನು ನಿಮ್ಮ ಸಾಲ್ಯಾಗ?"

ಅಮ್ಮ ಮುಟ್ಟಿದಳು. ಕೂಸಿನ ಬೆರಳುಗಳು ನೀಲಿಗಟ್ಟಿದ್ದವು. ಅಜ್ಜಿ ಅವಳನ್ನು ಬದಿಗೆ ಸರಿಸಿ, ಕೂಸಿನ ಬಟ್ಟೆಯೆಲ್ಲ ಬಿಚ್ಚಿ, ಸರೋಜತ್ತೆಯ ಬರೀ ಎದೆಯ ಮೇಲೆ ಕಪ್ಪೆಯಂತೆ ಮಲಗಿಸಿ, ಅದೇ ಕೌದಿಯನ್ನು ಇಬ್ಬರ ಮೇಲೂ ಹೊದಿಸಿದಳು. ಅಮ್ಮ ಕಿಟಕಿ ಮುಚ್ಚಿ ಗೋಡೆಗೆ ಒರಗಿ ನಿಂತು ನೋಡಿದಳು. ಕೌದಿಯಂಚಿನಿಂದ ಹೊರಬಿದ್ದಿದ್ದ ಒಂದು ಪುಟ್ಟ ಕಾಲು ನಿಧಾನವಾಗಿ ಕೆಂಪಾಯಿತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಎಳೆಯ ಕೂಸುಗಳನ್ನು ಹೀಗೇ ತಾಯಿಯ ಎದೆಗೆ ಕಟ್ಟುತ್ತಾರೆ. ಗೋಡೆಯ ಮೇಲೆ ಅದರ ಚಿತ್ರವೂ ಇರುತ್ತದೆ. ಅಂದು ಅಮ್ಮನಿಗೆ ಅದು ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು.

ಆದರೆ ಕೂಸಿನ ಹೊಟ್ಟೆಗೆ ಏನೂ ಬೀಳುತ್ತಿರಲಿಲ್ಲ. ಮೊದಲ ಐದು ದಿನದ ಹಳದಿ ಹಾಲು ಕೆಟ್ಟದ್ದು ಎಂದು ಅಜ್ಜಿ ಅದನ್ನು ಹಿಂಡಿಸಿ ಚೆಲ್ಲಿಸುತ್ತಿದ್ದಳು. ಕೂಸಿಗೆ ಕೊಡುತ್ತಿದ್ದದ್ದು ಜೇನು, ಬೆಲ್ಲದ ನೀರು, ಹತ್ತಿಯ ಬತ್ತಿ ಅದ್ದಿ ಹಿಂಡಿದ ನಾಲ್ಕು ಹನಿ. ಕೂಸು ಅಳುವುದನ್ನೂ ಬಿಟ್ಟು ನಿದ್ದೆಗಿಳಿಯಿತು. ಅಡುಗೆಮನೆಯಲ್ಲಿ ಅಮ್ಮ ಅಪ್ಪನಿಗೆ ಹೇಳಿದ್ದು ಮೋರಿಯ ಪರದೆಯ ಹಿಂದಿದ್ದ ನನಗೆ ಕೇಳಿಸಿತು.

"ಬೆಚ್ಚಗೆ ಇಟ್ಟದ್ದು ಅತ್ತೆಯೇ ಸರಿ. ಕಿಟಕಿ ತೆಗೆದು ನಾನೇ ತಪ್ಪು ಮಾಡಿದ್ದು. ಆದ್ರೆ ಹಾಲು ಬೀಳದಿದ್ರೆ ಆ ಮಗು ಇನ್ನೆರಡು ದಿನ ಉಳಿಯೂದಿಲ್ಲ."

"ವಾಪಸ ದವಾಖಾನಿಗೆ ಒಯ್ಯೂಣೇನು?"

"ಅತ್ತೆ ಹೂಂ ಅನ್ನದೆ ಸರೋಜ ಹೊಸ್ತಿಲು ದಾಟ್ತಾಳಾ? ಎಳ್ಕೊಂಡು ಹೋಗ್ಲಿಕ್ಕೆ ಆಗ್ತದಾ? ನಾನು ಆ ಡಬ್ಬಿ ಹೊರಗಿಡಿಸಿದ ದಿನವೇ ಅವರು ನನ್ನ ಮಾತು ಕೇಳೂದು ನಿಲ್ಸಿ ಆಯ್ತು."

ಮರುದಿನ ಮಧ್ಯಾಹ್ನ ಅಮ್ಮ ಬೇಗ ಬಂದಳು. ಯಾರೂ ಹೇಳದೆಯೇ ಬಕೆಟ್ಟಿನ ನೀರಿನಲ್ಲಿ ಕೈಕಾಲು ತೊಳೆದು, ಸ್ನಾನ ಮಾಡಿ, ಹಣೆಗೆ ಕುಂಕುಮ ಹಚ್ಚಿ, ಅಜ್ಜಿಯ ಎದುರು ನೆಲದ ಮೇಲೆ ಕೂತಳು. ನನ್ನನ್ನು ಕರೆದು, ಬರೆಯದೆ ಉಳಿದಿದ್ದ ಒಂದು ನೋಟುಬುಕ್ಕು ತರಲು ಹೇಳಿದಳು.

"ಅತ್ತೆ, ನಂಗೆ ಬಾಣಂತನ ಗೊತ್ತಿಲ್ಲ. ಹೆರಿಗೆ ಗೊತ್ತುಂಟು, ಮೂರು ದಿನದ ನಂತರ ಎಂತ ಆಗ್ತದೆ ಅಂತ ಗೊತ್ತಿಲ್ಲ. ನೀವು ಹೇಳಿ. ವಿಜಿ ಬರ್ಕೊಳ್ತಾಳೆ. ಮೊದಲಿಂದ ಹೇಳಿ."

"ಹುಡುಗಾಟ ಹಚ್ಚೀಯೇನು ನನ್ನ ಕೂಡ?"

"ಇಲ್ಲ. ಕೆಂಡ ಯಾಕೆ, ಕಿವಿಗೆ ಬಟ್ಟೆ ಯಾಕೆ, ಎಲ್ಲ ಹೇಳಿ."

ಅಜ್ಜಿಗೆ ಓದು ಬರೆಹ ಬರುತ್ತಿರಲಿಲ್ಲ. ತನ್ನ ಮಾತನ್ನು ಯಾರಾದರೂ ಬರೆದುಕೊಳ್ಳುವುದು ಅವಳ ಜೀವನದಲ್ಲಿ ಮೊದಲ ಸಲ. ಮೊದಲು ಮುಖ ತಿರುಗಿಸಿ ಕೂತಳು. ನಂತರ ನಾನು ತಪ್ಪು ಬರೆದೇನೆಂದು ಹತ್ತಿರ ಸರಿದಳು. ಕೊನೆಗೆ ನನ್ನ ಪೆನ್ಸಿಲ್ಲಿನ ವೇಗಕ್ಕೆ ತನ್ನ ಮಾತನ್ನು ನಿಧಾನ ಮಾಡಿಕೊಂಡು, ಶಾಲೆಯ ಟೀಚರಬಾಯಿಗಳಂತೆ ಹೇಳಿ ಬರೆಸಿದಳು. ಬಾಣಂತಿಗೆ ಅಂಟಿನುಂಡೆ. ಬಾಣಂತಿಗೆ ಸಬ್ಬಸಿಗೆ ಪಲ್ಯ. ಎರೆಯುವಾಗ ಮಾತಾಡಬಾರದು. ಕೂಸಿಗೆ ಒಳಲೆಯಿಂದ, ಅಂದರೆ ಮೂತಿ ಇರುವ ಬೆಳ್ಳಿ ಬಟ್ಟಲಿನಿಂದ, ಬೇರು ತೇಯ್ದ ಗುಟ್ಟಿ. ಅಮ್ಮ ನಡುನಡುವೆ ಕೇಳುತ್ತಿದ್ದಳು: ಬೆಂಕಿ ಬೇಕಾ, ಬಿಸಿ ಬೇಕಾ? ಅಜ್ಜಿ ಯೋಚಿಸಿ, ಬಿಸಿ ಅಂದಳು. ಹಾಗಾದರೆ ಇಟ್ಟಿಗೆ ಕಾಸಿ, ಪಂಚೆಯಲ್ಲಿ ಸುತ್ತಿ, ಮಂಚದ ಕೆಳಗಿಟ್ಟರೆ ಆಗುತ್ತದಾ? ಅಜ್ಜಿ ಮತ್ತೆ ಯೋಚಿಸಿದಳು. ಹಿಂದೆ ಊರಲ್ಲಿ ಇದ್ದಿಲು ಸಿಗದ ಮಳೆಗಾಲದಲ್ಲಿ ಹಾಗೇ ಮಾಡುತ್ತಿದ್ದರಂತೆ. ಶೇಗಡಿ ಅಂದೇ ಗ್ಯಾಲರಿಗೆ ಹೋಯಿತು, ಜಗಳವೇ ಇಲ್ಲದೆ. ಆಮೇಲೆ ಅಮ್ಮ ಹಾಲಿನ ವಿಷಯ ಕೇಳಿದಳು. ಬೇಡ ಎಂದು ನಿಮಗೆ ಹೇಳಿದವರು ಯಾರು ಅಂದಳು, ಅಷ್ಟೇ.

ಅಜ್ಜಿ ಸೆರಗಿನ ಅಂಚು ತಿರುವುತ್ತ ಹೇಳಿದಳು. ಅಪ್ಪನಿಗಿಂತ ಮೊದಲು ಅವಳಿಗೊಂದು ಗಂಡು ಕೂಸಾಗಿತ್ತಂತೆ.

"ನನಗೂ ತಿಳೀಲಿಲ್ಲ, ಹದಿನಾರು ವರ್ಷದಾಕಿ. ಅಳ್ತದಂತ ಎದಿಗಿ ಹಚ್ಚಿಕೊಂಡೆ. ಮೂರನೇ ದಿವಸ ಹೋತು. ಹಳದಿ ಹಾಲು ಕುಡಿಸಿ ಕೊಂದಿ ಅಂತ ನಮ್ಮತ್ತಿ ಅಂದ್ಲು. ಬರಕೊ ಇದನ್ನೂ."

ನಾನು ಬರೆದೆನೋ ಇಲ್ಲವೋ ನೆನಪಿಲ್ಲ. ಅಮ್ಮ ಅಳುತ್ತಿದ್ದಳು ಎಂದು ಡೈರಿಯಲ್ಲಿ ಒಮ್ಮೆ ಬರೆದಿದ್ದೇನೆ. ಸರೋಜತ್ತೆಯನ್ನು ಕೇಳಿದರೆ, ನಿಮ್ಮವ್ವ ಅಳುವವಳೇ ಅಲ್ಲ ಎನ್ನುತ್ತಾಳೆ. ಒಂದು ಮಾತ್ರ ಖಂಡಿತ: ಅಮ್ಮ ಆಗ ವಾದ ಮಾಡಲಿಲ್ಲ. ಅವಳಿಗೆ ಗೊತ್ತಿದ್ದ ಎಲ್ಲ ಉತ್ತರಗಳೂ ಅಂದು ಅಜ್ಜಿಯನ್ನು ಕೊಲೆಗಾತಿ ಮಾಡುತ್ತಿದ್ದವು: ಆ ಹಾಲು ಕೆಟ್ಟದ್ದಾದರೆ ಆಗ ಕುಡಿಸಿ, ಒಳ್ಳೆಯದಾದರೆ ಈಗ ಕುಡಿಸದೆ.

ಮರುದಿನ ಬೆಳಿಗ್ಗೆ ಹಾಲಿನ ಭೈಯ್ಯಾ ಬಂದ. ಉಲ್ಹಾಸನಗರದ ಕಡೆ ಅವನ ಎಮ್ಮೆಗಳ ತಬೇಲಾ. ಅಂದು ಎಂದಿನ ಕ್ಯಾನಿನ ಜೊತೆ ಒಂದು ಪುಟ್ಟ ಪಾತ್ರೆ ಇತ್ತು. ಎಮ್ಮೆ ಈದಿತ್ತು, ಹಳೆಯ ಗಿರಾಕಿಗಳ ಮನೆಗೆ ಗಿಣ್ಣದ ಹಾಲು ಹಂಚುವುದು ಅವನ ಪದ್ಧತಿ. ಅಜ್ಜಿಗೆ ಗಿಣ್ಣವೆಂದರೆ ಪ್ರಾಣ. ಆದರೂ ಪ್ರತಿ ಸಲ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡದೆ ಪಾತ್ರೆ ಮುಟ್ಟುತ್ತಿರಲಿಲ್ಲ. ಕರುವಿನ ಪಾಲು ಕಿತ್ತುಕೊಂಡ ಗಿಣ್ಣ ಮನೆಗೆ ಬರಬಾರದೆಂಬುದು ಅವಳ ಹಟ.

"ಏ ಭೈಯ್ಯಾ, ಪೈಲೇ ಕರೂಕೋ ಪಿಲಾಯಾ ಕ್ಯಾ? ಸಚ್ ಬೋಲೋ. ಝೂಟ ಬೋಲೇಗಾ ತೋ ತೇರಾ ಭೈಂಸ ದೂಧ ನೈ ದೇಂಗಾ."

"ಅರೇ ಮಾಯೀ, ಪಹಲೇ ಬಚ್ಚಾ, ಬಾದ್ ಮೇಂ ದುನಿಯಾ. ಇಸ್ ಬಾರ್ ತೋ ಬಚ್ಚಾ ಇತನಾ ಕಮ್‌ಜೋರ್ ಥಾ, ಖಡಾ ನಹೀಂ ಹೋ ರಹಾ ಥಾ. ದೋ ದಿನ ಸಬ್ ಉಸೀ ಕೋ ಪಿಲಾಯಾ. ಆಜ್ ದೇಖೋ, ಮೇರಾ ಗಮಛಾ ಖೀಂಚ್ ರಹಾ ಹೈ!"

ನಿಲ್ಲಲೂ ಆಗದಿದ್ದ ಕರು, ಎರಡು ದಿನ ಗಿಣ್ಣವೆಲ್ಲ ಕುಡಿಸಿದ ಮೇಲೆ, ಇಂದು ತನ್ನ ಗಮಛಾ ಎಳೆಯುತ್ತಿದೆ ಎಂದು ಅವನು ನಕ್ಕ, ಹೆಗಲ ಮೇಲಿನ ಆ ಬಟ್ಟೆಯ ಅಗಿದ ತುದಿ ತೋರಿಸಿದ. ಅಜ್ಜಿ ನಗಲಿಲ್ಲ. ಪಾತ್ರೆ ತೆಗೆದುಕೊಂಡಳು. ಗಿಣ್ಣದ ಹಾಲು ಹಳದಿಯಾಗಿ, ದಪ್ಪವಾಗಿ ಅದರಲ್ಲಿ ತೂಗಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಈರುಳ್ಳಿ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನೋಡಿದಿರಾ ಅತ್ತೆ" ಎಂದು ಬೇರೆ ಯಾರೇ ಆಗಿದ್ದರೂ ಅನ್ನುತ್ತಿದ್ದರು, ನಾನಂತೂ ಅನ್ನುತ್ತಿದ್ದೆ. ಮುಂದೆ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದ ನನಗೆ ಬಾಯಿ ಮುಚ್ಚಿಕೊಳ್ಳುವುದು ಮರೆತೇ ಹೋಗಿದೆ. ಅಮ್ಮ ಈರುಳ್ಳಿಯ ಸಿಪ್ಪೆ ಸುಲಿಯತೊಡಗಿದಳು. ಅಜ್ಜಿ ಪಾತ್ರೆಯನ್ನು ಒಲೆಯ ಮೇಲಿಡದೆ ಹಿಡಿದೇ ನಿಂತಳು.

"ಮಾಲತಿ."

ಅಜ್ಜಿಯ ಬಾಯಲ್ಲಿ ಅಮ್ಮನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ಏನು ಅತ್ತೆ?"

"ನನ್ನ ಕೂಸು ಹಾಲಿನಿಂದ ಹೋಗಿದ್ದಿಲ್ಲೇನು?"

ಅಮ್ಮ ಈರುಳ್ಳಿ ಕೆಳಗಿಟ್ಟು ಕೈ ಒರೆಸಿಕೊಂಡಳು.

"ನಾನು ಅಲ್ಲಿ ಇರ್ಲಿಲ್ಲ, ಯಾಕೆ ಹೋಯ್ತು ಅಂತ ಹೇಗೆ ಹೇಳ್ಲಿ? ಆದ್ರೆ ಇಷ್ಟು ವರ್ಷದಲ್ಲಿ ತಾಯಿಯ ಮೊದಲ ಹಾಲು ಕುಡಿದದ್ದರಿಂದ ಹೋದ ಒಂದು ಮಗುವನ್ನೂ ನಾನು ನೋಡ್ಲಿಲ್ಲ ಅತ್ತೆ. ನಿಮ್ಮದು ತಪ್ಪಿಲ್ಲ. ಅಳುವ ಮಗುವನ್ನು ಎದೆಗೆ ಹಚ್ಚಿಕೊಂಡ್ರಿ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ."

ಅಜ್ಜಿ ಪಾತ್ರೆಯನ್ನು ಒಲೆಕಟ್ಟೆಯ ಮೇಲಿಟ್ಟಳು. ಪ್ಲೈವುಡ್ಡಿನಾಚೆ ಹೋದಳು.

"ಸರೂ, ಏಳವಾ. ಕೂಸಿನ್ನ ಹಚ್ಚಿಕೊ."

"ಐದು ದಿನ ಆಗಿಲ್ಲಲ್ಲವ್ವಾ."

"ಎಮ್ಮಿಗಿರೂ ಬುದ್ಧಿ ನಮಗ ಬ್ಯಾಡೇನು? ಹಚ್ಚಿಕೊ ಅಂದ್ನಿ."

ಕೂಸಿಗೆ ಎಳೆಯುವ ಶಕ್ತಿಯೇ ಇರಲಿಲ್ಲ. ಆಗ ಅಮ್ಮ ಒಳಗೆ ಬಂದಳು. ಅಜ್ಜಿಯ ಬೆಳ್ಳಿಯ ಒಳಲೆಯನ್ನೇ ಕೇಳಿ ತೆಗೆದುಕೊಂಡು, ನೀರಲ್ಲಿ ಕುದಿಸಿ, ಸರೋಜತ್ತೆಯ ಹಳದಿ ಹಾಲನ್ನು ಅದಕ್ಕೆ ಹಿಂಡಿಸಿದಳು. ಕೂಸನ್ನು ಅಜ್ಜಿಯ ತೊಡೆಯ ಮೇಲೆ ಮಲಗಿಸಿ, ಒಳಲೆಯನ್ನೂ ಅಜ್ಜಿಯ ಕೈಗೇ ಕೊಟ್ಟಳು. ನಿಮ್ಮ ಕೈ ನನ್ನದಕ್ಕಿಂತ ಗಟ್ಟಿ ಎಂದಳು. ಅಜ್ಜಿ ಒಂದು ಹನಿಯೂ ಚೆಲ್ಲಲಿಲ್ಲ. ಕೂಸು ತುಟಿ ಆಡಿಸಿತು. ನುಂಗಿತು. ಇನ್ನೂ ಬೇಕೆಂದು ಬಾಯಿ ತೆರೆಯಿತು. ಹಗಲಿಡೀ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಕುಡಿಸುತ್ತ ಹೋದರು. ಒದ್ದೆಯಾದ ಬಟ್ಟೆಗಳನ್ನು ನಾನು ಗ್ಯಾಲರಿಯ ತಂತಿಗೆ ಹಾಕುತ್ತಿದ್ದೆ, ಅಮ್ಮ ಹೊರಗೆ ಬಂದು ಅವನ್ನು ಎಣಿಸುತ್ತಿದ್ದಳು. ಮಾರನೆಯ ದಿನ ಆರಾದವು. ಆರು ಲಂಗೋಟಿಗಳನ್ನು ಅಷ್ಟು ಸಂಭ್ರಮದಿಂದ ಯಾರಾದರೂ ನೋಡಿದ್ದುಂಟೇ! ಅದರ ಮುಂದಿನ ದಿನ ಕೂಸು ತಾನೇ ಎದೆಗೆ ಬಾಯಿ ಹಾಕಿತು, ಮತ್ತು ಚಾಳಿನ ಕೊನೆಯ ಮನೆಗೂ ಕೇಳುವಂತೆ ಅತ್ತಿತು. ಅಪ್ಪ ಪೇಪರ್ ಕೆಳಗಿಟ್ಟು, ಸಾರ್ವಜನಿಕವಾಗಿ, ನಮ್ಮೆಲ್ಲರ ಎದುರು ಕಣ್ಣೊರೆಸಿಕೊಂಡರು.

ತೂಕ ನೋಡಿಸಲು ಆಸ್ಪತ್ರೆಗೆ ಹೋಗಬೇಕೆಂದಾಗ ಅಜ್ಜಿ ತಾನೇ ಚಪ್ಪಲಿ ಮೆಟ್ಟಿದಳು. ಸರೋಜತ್ತೆಯ ಕಿವಿಗೆ ಬಟ್ಟೆ ಕಟ್ಟಿತ್ತು, ಅಜ್ಜಿಯ ಕೈಯಲ್ಲಿ ಅಜವಾನದ ಡಬ್ಬಿ. ಅದೇ ವಾರ್ಡು, ಅದೇ ಮೇಟ್ರನ್. ಈ ಸಲ ಅಮ್ಮ ಡಬ್ಬಿಯನ್ನು ತಾನೇ ಹಿಡಿದುಕೊಂಡು, ಇದು ಬಾಣಂತಿಗೆ ನಾವು ಕೊಡುವುದು, ಕುದಿಸಿದ ನೀರು, ಬಿಸಿಯಾಗಿದೆ, ಎಂದಳು. ಮೇಟ್ರನ್ ಮೂಗಿನ ಹತ್ತಿರ ಹಿಡಿದು, "ಆಮ್ಚ್ಯಾ ಕಡೇ ಪಣ ಹೇಚ್ ದೇತಾತ್" ಎಂದರಂತೆ. ಅವರ ಮನೆಯಲ್ಲೂ ಇದನ್ನೇ ಕೊಡುತ್ತಿದ್ದರಂತೆ! ಅಲ್ಲಿಂದ ಮುಂದೆ ಆ ವಾರ್ಡಿನಲ್ಲಿ ಅಮ್ಮನ ಪಾಳಿಯಿದ್ದಾಗ ಹೊಸದಾಗಿ ಬಂದವರನ್ನು ಅವಳು ಮೊದಲು ಕೇಳುತ್ತಿದ್ದದ್ದು ಒಂದೇ: ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ? ಬೆಚ್ಚನೆಯದು, ಬೇಯಿಸಿದ್ದು, ಕಟ್ಟಿಕೊಳ್ಳುವುದು, ಹಚ್ಚಿಕೊಳ್ಳುವುದು, ಬಹುಪಾಲು ಎಲ್ಲ ಹಾಗೇ ಉಳಿಯುತ್ತಿತ್ತು. ಎಲ್ಲೋ ಒಂದನ್ನು ಮಾತ್ರ ಬದಲಾಯಿಸಬೇಕಾದಾಗ, ಅಷ್ಟರಲ್ಲಿ ಅವರು ಅವಳ ಮಾತು ಕೇಳುವವರಾಗಿರುತ್ತಿದ್ದರು. ಹಟ ಹಿಡಿದ ಮುದುಕಿಯರು ಬಂದರೆ ಅಜ್ಜಿಯನ್ನು ಕರೆಸುತ್ತಿದ್ದಳು. ಅಜ್ಜಿ ತನ್ನ ಮುರುಕು ಹಿಂದಿಯಲ್ಲಿ ಎಮ್ಮೆಯ ಕಥೆ ಹೇಳುತ್ತಿದ್ದಳು. ಪ್ರತಿ ಸಲಕ್ಕೂ ಕರು ಇನ್ನಷ್ಟು ಬಡಕಲಾಗುತ್ತಿತ್ತು, ಇನ್ನಷ್ಟು ಜೋರಾಗಿ ಓಡುತ್ತಿತ್ತು.

ಆ ಕೂಸು ಉಷಾ. ಈಗ ಘಣಸೋಲಿಯಲ್ಲಿ ಅವಳ ಮನೆ, ದೊಡ್ಡ ಗಂಟಲು, ದೊಡ್ಡ ನಗು. ಈ ವರ್ಷ ಅವಳ ಮಗಳಿಗೆ ಹೆರಿಗೆಯಾದಾಗ ಸೀವುಡ್ಸಿನ ನನ್ನ ಮನೆಯಿಂದ ನಾನೂ ಹೋಗಿದ್ದೆ. ಎಳೆಯ ನರ್ಸೊಬ್ಬಳು ಕೂಸನ್ನು ತಾಯಿಯ ಎದೆಯ ಮೇಲೆ ಮಲಗಿಸಿ, ಹಿರಿಯರು ಬೇಡ ಅಂದಾರೇನೋ ಎಂಬ ಅಂಜಿಕೆಯಲ್ಲಿ ನಮ್ಮ ಮುಖ ನೋಡಿದಳು. ಆಮೇಲೆ ಮೊದಲ ಹಾಲಿನ ಬಗ್ಗೆ ಮೆಲ್ಲಗೆ ಕೇಳಿದಳು.

"ಆಂಟೀ, ಆಪ್ ಕೇ ಯಹಾಂ ಪಹಲಾ ದೂಧ್ ದೇತೇ ಹೈಂ ನಾ?"

"ಅರೇ ಬೇಟಾ," ಉಷಾ ಎದೆಯುಬ್ಬಿಸಿ ಹೇಳಿದಳು, "ಹಮಾರೇ ಘರ್ ಮೇಂ ತೋ ಶುರೂ ಸೇ ಯಹೀ ಹೈ. ಹಮಾರೀ ನಾನೀ ಕಾ ನಿಯಮ್ ಹೈ."

ಶುರುವಿನಿಂದಲೂ ಇದೇ ಅಂತೆ, ಅಜ್ಜಿಯ ನಿಯಮವಂತೆ! ನಾನು ತಿದ್ದಲು ಬಾಯಿ ತೆರೆದೆ. ಸದ್ಯ, ಮುಚ್ಚಿಕೊಂಡೆ. ಮನೆಗೆ ಬಂದು ಆ ಹಳೆಯ ನೋಟುಬುಕ್ಕನ್ನು ಹುಡುಕಿ ತೆಗೆದೆ. ಸತ್ತ ಕೂಸಿನ ವಿಷಯ ಅದರಲ್ಲಿಲ್ಲ. ಆ ಜಾಗದಲ್ಲಿ ಪೆನ್ಸಿಲ್ ಒತ್ತಿ ನಿಂತ ಒಂದು ಚುಕ್ಕೆ ಇದೆ, ಅಷ್ಟೆ. ಕೊನೆಯ ಪುಟ ಉಷಾಳನ್ನು ತೊಟ್ಟಿಲಿಗೆ ಹಾಕಿದ ದಿನದ್ದು. ಅದನ್ನು ಬರೆಸುವಾಗ ನಾನು ಎದುರು ಮಾತಾಡಿದ್ದು ಈಗ ನೆನಪಾಯಿತು, ಈ ಒಂದು ನೆನಪಿನ ಮೇಲೆ ಮಾತ್ರ ನನಗೆ ಅನುಮಾನವಿಲ್ಲ. ಇದು ಸುಳ್ಳಲ್ಲವೇ ಅಜ್ಜಿ, ಎಂದಿದ್ದೆ. ಅಜ್ಜಿ ತೊಟ್ಟಿಲು ತೂಗುತ್ತಲೇ ಇದ್ದಳು. ಅಮ್ಮ ನನ್ನ ಹಿಂದೆ ಬಂದು ನಿಂತು, ತಲೆಯ ಮೇಲೆ ಕೈಯಿಟ್ಟು, ನಗುವನ್ನು ನುಂಗಿಕೊಂಡು ಹೇಳಿದ್ದಳು: ಅಜ್ಜಿ ಹೇಳಿದ ಹಾಗೇ ಬರಿ, ಒಂದಕ್ಷರ ಬಿಡಬೇಡ. ನಾನು ಬರೆದೆ. ವಕ್ರ ಅಕ್ಷರಗಳಲ್ಲಿ, ಎರಡು ಸಲ ತಿದ್ದಿ, ಅದು ಹಾಗೇ ಇದೆ:

"ಕೂಸು ಹುಟ್ಟಿದ ತಾಸಿನ್ಯಾಗ ಮೊದಲ ಹಾಲು ಕೂಸಿಗೆ. ಇದು ನಮ್ಮ ಮನಿ ಪದ್ಧತಿ. ಮೊದಲಿಂದನೂ."